ಕಾರಮಡೈ ಸೀಮೆಯ ಶಿಶುಗಳೂ ಇಂಗ್ಲಿಷ್ ಪಾಠವೂ

ಉಪಾಧ್ಯಾಯರು ನಾಲ್ವರು ಕೂಡಿದೆಡೆಯಲ್ಲೆಲ್ಲ ಈಚೆಗೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಮಗುವಿಗೆ ಇಂಗ್ಲಿಷನ್ನು ಯಾವ ವಯಸ್ಸಿನಿಂದ ಕಲಿಸಬೇಕು? ಮೂರು ತುಂಬಿದೊಡನೆಯೇ ಕಲಿಸಬೇಕೆನ್ನುವರು ತಂದೆತಾಯಿಗಳು. ಹತ್ತು ದಾಟಲಿ ಎನ್ನುವರು ಹಳಬರು. ಪ್ರಶ್ನೆ ಹೊಸದೇನೂ ಅಲ್ಲ. ಅದಕ್ಕೊಂದು ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಕೊನೆ ಕೊಯಮತ್ತೂರು ಜಿಲ್ಲೆಯ ಕಾರಮಡೈಯಲ್ಲಿದ್ದರೆ ಇನ್ನೊಂದು ಕೊನೆ ಜಪಾನ್ ದೇಶದಲ್ಲಿದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಆ ಎರಡು ಕೊನೆಗಳನ್ನೂ ಹಿಡಿದು ನೋಡಿದಲ್ಲದೆ ನಮ್ಮ ಮಕ್ಕಳ ಸ್ಥಿತಿ ನಮಗೆ ಸ್ಪಷ್ಟವಾಗಲಾರದೆಂದು ತೋರಿದುದರಿಂದ ಈ ಲೇಖನವನ್ನು ಬರೆಯಲು ಮನಸ್ಸು ಮಾಡಿದ್ದೇವೆ.

ಕಾರಮಡೈ ನೀಲಗಿರಿಯ ಬುಡದ ಊರು. ಕೊಯಮತ್ತೂರಿನಿಂದ ಮೆಟ್ಟುಪಾಳ್ಯಕ್ಕೆ ಹೋಗುವ ಹೆದ್ದಾರಿಯೂ ರೈಲು ದಾರಿಯೂ ಇದನ್ನು ಹಾದುಹೋಗುತ್ತವೆ. ಇಲ್ಲಿಯ ರಂಗನಾಥಸ್ವಾಮಿಯ ಮಾಸಿ ತಿಂಗಳ ತೇರಿಗೆ ಸುತ್ತಣ ಸೀಮೆಯೆಲ್ಲ ಕೂಡುತ್ತದೆ. ಊರಿನ ಆಸುಪಾಸಿನಲ್ಲಿಯೂ ನೇಯ್ಗೆಗೆ ಹೆಸರಾದ ಸಿರುಮುಗೈಯ ಕಡೆಯಲ್ಲಿಯೂ ದೇವಾಂಗರು, ಒಕ್ಕಲಿಗರು ಮೊದಲಾದ ಹಲವು ಸಮುದಾಯಗಳ ಮನೆಮಾತು ಕನ್ನಡ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 12 ಲಕ್ಷಕ್ಕೂ ಮೇಲ್ಪಟ್ಟವರು. ಇವರಲ್ಲಿ ಬಹುಮಂದಿಗೆ ಕನ್ನಡ ಕಿವಿಯ ಭಾಷೆ, ಬಾಯಿಯ ಭಾಷೆ, ಕಣ್ಣಿನ ಭಾಷೆಯಲ್ಲ.

ಈ ಸೀಮೆಯ ಒಂದು ನೇಕಾರರ ಮನೆಯಲ್ಲಿ ನಾವು ಕಂಡ ಸಂಗತಿಯನ್ನು ಇಲ್ಲಿ ಹೇಳಬೇಕು. ಐದು ವರ್ಷದ ಬಾಲೆಯೊಬ್ಬಳು ಸ್ಲೇಟಿನ ಮೇಲೆ ತನ್ನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ದುಂಡಗೆ ಬರೆದು ತೋರಿಸಿದಳು. ಅನಂತರ ತಮಿಳಿನಲ್ಲಿಯೂ ಬರೆದಳು. ಕನ್ನಡದಲ್ಲಿ ಬರೆಯಮ್ಮ ಎಂದೆವು. ಮಗು ನಮ್ಮ ಮುಖವನ್ನು ನೋಡಿ, ಅಜ್ಜಿಯ ಕಡೆಗೆ ತಿರುಗಿ, "ನಮ್ಮ ಮಾತಿಗೂ ಎಳುತ್ತು ಉಂಟಾ ಅಜ್ಜಿ?" ಎಂದು ಕೇಳಿತು. ಅಕ್ಷರ ಎಂಬುದಕ್ಕೆ ಆ ಮಗುವಿಗೆ ಗೊತ್ತಿದ್ದ ಪದವೂ ತಮಿಳಿನದೇ. ಅಜ್ಜಿ ನಕ್ಕಳು. ಉತ್ತರ ಆಕೆಗೂ ಸರಿಯಾಗಿ ತಿಳಿಯದು, ಏಕೆಂದರೆ ಆಕೆ ಓದಿದ್ದೂ ತಮಿಳು ಶಾಲೆಯಲ್ಲಿಯೇ. ಇಂಗ್ಲಿಷನ್ನು ಬೇಗ ಕಲಿಸುವುದು ಸರಿಯೋ ತಪ್ಪೋ ಎಂಬ ವಾದಕ್ಕಿಂತ ಈ ಮಗುವಿನ ಪ್ರಶ್ನೆ ನಮಗೆ ದೊಡ್ಡದಾಗಿ ಕಂಡಿತು.

ಈಗ ಹಿಂದಕ್ಕೆ ಹೋಗೋಣ. ಕೊಯಮತ್ತೂರು ಸೀಮೆ ಬಹುಕಾಲ ಮೈಸೂರಿನ ಆಳ್ವಿಕೆಯಲ್ಲಿದ್ದು 1799ರಲ್ಲಿ ಟಿಪ್ಪುವಿನ ಪತನಾನಂತರ ಇಂಗ್ಲಿಷ್ ಕಂಪೆನಿಯ ವಶವಾಯಿತು. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಪಾಠಶಾಲೆಗಳ ಲೆಕ್ಕವನ್ನು ತರಿಸಿದನು. ಆಗ ಕೊಯಮತ್ತೂರಿನ ಕಲೆಕ್ಟರನಾಗಿದ್ದವನು ಜಾನ್ ಸಲಿವನ್. ಉದಕಮಂಡಲವನ್ನು ಕಟ್ಟಿದವನೂ ಇವನೇ. ಇವನು ಒಪ್ಪಿಸಿದ ವರದಿಯಂತೆ ಜಿಲ್ಲೆಯಲ್ಲಿದ್ದ ಶಾಲೆಗಳು 763, ಓದುತ್ತಿದ್ದವರು 8,206. ಹುಡುಗರು ಐದನೆಯ ವಯಸ್ಸಿಗೆ ಶಾಲೆಗೆ ಸೇರಿ ಹದಿಮೂರು ಹದಿನಾಲ್ಕರವರೆಗೆ ಓದುತ್ತಿದ್ದರೆಂದು ಆತ ಬರೆದಿದ್ದಾನೆ. ಕೊಳ್ಳೇಗಾಲ ಆಗ ಈ ಜಿಲ್ಲೆಯದೇ ತಾಲ್ಲೂಕಾದುದರಿಂದ ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಕಲಿಸುವವೂ ಇದ್ದುವು. ತಮಿಳರು ತಿಣ್ಣೈ ಪಳ್ಳಿ ಎನ್ನುವ, ನಾವು ಕೂಲಿಮಠ ಎನ್ನುವ ಆ ಜಗಲಿಯ ಶಾಲೆಗಳಲ್ಲಿ ಮಗು ಮೊದಲು ಮರಳಿನ ಮೇಲೆ ಬೆರಳಿಟ್ಟು ತಿದ್ದುತ್ತಿತ್ತು. ಆ ಮಠಗಳನ್ನು ನಾವು ಹೊಗಳಿ ಕೂರಬೇಕಾದುದಿಲ್ಲ. ಹೆಣ್ಣುಮಕ್ಕಳು ಅಲ್ಲಿ ತೀರ ವಿರಳ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಆ ಜಗಲಿ ಎಟುಕುತ್ತಿರಲಿಲ್ಲ. ಆದರೆ ಒಂದು ಮಾತು ನಿಜ: ಐದರ ಮಗು ಮರಳಿನಲ್ಲಿ ತಿದ್ದುತ್ತಿದ್ದುದು ಈ ನೆಲದ ನುಡಿಯ ಅಕ್ಷರವನ್ನು.

ಇಂಗ್ಲಿಷು ಬಂದದ್ದು ಮೇಲಿನಿಂದ, ದೊಡ್ಡ ಹುಡುಗರಿಗೆ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದರು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂದಿತು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಸರ್ಕಾರಿ ನೌಕರಿಯಲ್ಲಿ ಇಂಗ್ಲಿಷ್ ಬಲ್ಲವರಿಗೆ ಆದ್ಯತೆಯೆಂದು ಸಾರಿದನು. ಕೊಯಮತ್ತೂರು ನಗರದಲ್ಲಿ 1852ರಲ್ಲಿ ಇಂಗ್ಲಿಷನ್ನೂ ದೇಶಭಾಷೆಯನ್ನೂ ಕೂಡಿ ಕಲಿಸುವ ಶಾಲೆಯೊಂದು ಹುಟ್ಟಿತು. ಈಗಿನ ಸರ್ಕಾರಿ ಕಲಾ ಕಾಲೇಜಿಗೆ ಮೂಲ ಅದೇ. 1854ರ ವುಡ್‌ನ ಶಿಕ್ಷಣ ಪತ್ರವು ಜನಸಾಮಾನ್ಯರಿಗೆ ದೇಶಭಾಷೆಯೇ ವಾಹಿನಿಯಾಗಲಿ, ಬೇಡಿಕೆಯಿದ್ದೆಡೆ ಇಂಗ್ಲಿಷ್ ಇರಲಿ ಎಂದಿತು. ಕಾರಮಡೈಯ ಮೇಲಿನ ಬೆಟ್ಟದಲ್ಲಿ ಕೂಡ ಬಾಸೆಲ್ ಮಿಷನ್ನಿನವರು 1846ರಲ್ಲಿ ಕೇತಿಯಲ್ಲಿ ನೆಲೆನಿಂತು ಬಡಗರ ನಡುವೆ ಕೆಲಸ ಮಾಡಿದಾಗ ಪಾಠಕ್ಕೆ ಹಿಡಿದುದು ಕನ್ನಡವನ್ನು. ಶಿಶುವಿಗೆ ಇಂಗ್ಲಿಷಿನಿಂದಲೇ ಓನಾಮ ಮಾಡಬೇಕೆಂಬುದು ಆ ಕಾಲದ ಸಾಮಾನ್ಯ ನೀತಿಯಾಗಿರಲಿಲ್ಲ. ಅಡಿಪಾಯ ದೇಶಭಾಷೆಯದು, ಉಪ್ಪರಿಗೆ ಇಂಗ್ಲಿಷಿನದು ಎಂಬುದೇ ಆಗಿನ ಕಟ್ಟಡದ ನಕ್ಷೆ.

ಇದೇ ಕಾಲದಲ್ಲಿ ಜಪಾನಿನಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. ಆ ದೇಶವನ್ನು ಯಾವ ಪರಕೀಯರೂ ಆಳುತ್ತಿರಲಿಲ್ಲ. ಆದರೂ 1872ರಲ್ಲಿ ಅಮೆರಿಕದಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದ ಮೋರಿ ಅರಿನೋರಿ ಎಂಬವರು, ಸರಳಗೊಳಿಸಿದ ಇಂಗ್ಲಿಷನ್ನು ತಮ್ಮ ದೇಶ ಅಂಗೀಕರಿಸಬಹುದೇ ಎಂದು ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಡ್ವೈಟ್ ವಿಟ್ನಿಯವರಿಗೆ ಪತ್ರ ಬರೆದರು. 1879ರಲ್ಲಿ ಪ್ರಕಟವಾದ ಸಂಸ್ಕೃತ ವ್ಯಾಕರಣದಿಂದ ನಮ್ಮ ಪಂಡಿತರಿಗೆ ಪರಿಚಿತರಾದ ವಿಟ್ನಿಯವರೇ ಇವರು. ಸ್ವಂತ ನುಡಿಯನ್ನು ಬಿಡಬೇಡಿ, ಇಂಗ್ಲಿಷನ್ನು ಅದರ ಪಕ್ಕದಲ್ಲಿ ಕಲಿಯಿರಿ ಎಂಬುದು ಅವರ ಉತ್ತರದ ಸಾರ. ಮೋರಿಯವರು 1885ರಲ್ಲಿ ಜಪಾನಿನ ಮೊದಲ ವಿದ್ಯಾಮಂತ್ರಿಯಾದರು. ಆದರೆ ಅವರ ಹಳೆಯ ಸೂಚನೆ ಕಾರ್ಯಕ್ಕೆ ಬರಲಿಲ್ಲ. ಜಪಾನಿನ ಮಗು ಜಪಾನೀ ನುಡಿಯಲ್ಲಿಯೇ ಓದು ಬರಹವನ್ನು ಕಲಿತು, ಹನ್ನೆರಡು ವಯಸ್ಸಿನ ಹೊತ್ತಿಗೆ ಮಿಡ್ಲ್ ಸ್ಕೂಲು ಸೇರಿದಾಗ ಇಂಗ್ಲಿಷನ್ನು ಆರಂಭಿಸುವುದು ಅಲ್ಲಿಯ ರೂಢಿಯಾಯಿತು.

ಆ ಮಿಡ್ಲ್ ಸ್ಕೂಲುಗಳ ಪಾಠವನ್ನು ತಿದ್ದಲೆಂದು 1922ರಲ್ಲಿ ಹ್ಯಾರಲ್ಡ್ ಪಾಮರ್ ಎಂಬ ಇಂಗ್ಲಿಷ್ ವಿದ್ವಾಂಸರನ್ನು ಜಪಾನ್ ಸರ್ಕಾರ ಕರೆಸಿಕೊಂಡಿತು. ಮರುವರ್ಷವೇ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗೊಂದು ಸಂಸ್ಥೆ ಆರಂಭವಾಯಿತು. ಪಾಮರರು 1936ರವರೆಗೆ ಅಲ್ಲಿದ್ದು, ಕಿವಿ ಮೊದಲು, ಬಾಯಿ ಆಮೇಲೆ, ಕಣ್ಣೂ ಕೈಯೂ ಕಡೆಗೆ ಎಂಬ ಕ್ರಮವನ್ನು ಬೋಧಿಸಿದರು. ಯಾವ ಪದವನ್ನು ಮೊದಲು, ಯಾವ ವಾಕ್ಯರಚನೆಯನ್ನು ಆಮೇಲೆ ಕಲಿಸಬೇಕೆಂದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. 1924ರಲ್ಲಿ ಜಪಾನಿಗೆ ಉಪಾಧ್ಯಾಯರಾಗಿ ಬಂದ ಎ. ಎಸ್. ಹಾರ್ನ್‌ಬಿ ಈ ಕೆಲಸವನ್ನು ಮುಂದುವರಿಸಿದರು. ಕಲಿಯುವವರಿಗಾಗಿ ಅವರೂ ಇಬ್ಬರು ಸಹೋದ್ಯೋಗಿಗಳೂ ರಚಿಸಿದ ನಿಘಂಟು ಮೊದಲು ಅಚ್ಚಾದುದು 1942ರಲ್ಲಿ, ಟೋಕಿಯೋದಲ್ಲಿ. ಅದನ್ನೇ ಆಕ್ಸ್‌ಫರ್ಡ್ ಮುದ್ರಣಾಲಯ 1948ರಲ್ಲಿ ಪುನಃ ಪ್ರಕಟಿಸಿತು. ನಮ್ಮ ಎಷ್ಟೋ ಶಾಲೆಗಳ ಬೀರುವಿನಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ತವರುಮನೆ ಜಪಾನು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಜಪಾನಿನ ಈ ಕೊನೆ ಕಾರಮಡೈಗೆ ಹೇಗೆ ತಾಗಿತು? 1956ರ ನವೆಂಬರ್ 1ರಂದು ಭಾಷಾನುಗುಣವಾಗಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನ್ಯಾಯವಾದ ಏರ್ಪಾಡೇ ಸರಿ. ಆದರೆ ಜಿಲ್ಲೆಯಲ್ಲಿ ಕನ್ನಡಕ್ಕಿದ್ದ ದೊಡ್ಡ ಆಸರೆ ಅದರೊಡನೆ ಹೊರಟುಹೋಯಿತು. ತಾಳವಾಡಿಯ ಕಡೆ ಕನ್ನಡ ಶಾಲೆಗಳು ಉಳಿದುವು. ಬಯಲಿನಲ್ಲಿ ಚೆದರಿದ್ದ ಕಾರಮಡೈಯಂಥ ಊರುಗಳ ಕನ್ನಡಿಗರು ತಮಿಳು ಶಾಲೆಯ ಮಕ್ಕಳಾದರು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯಿಂದ 350ಎ ಎಂಬ ಅನುಚ್ಛೇದ ಬಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಕರ್ಯವನ್ನು ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ವಿಧಿಸಿತು. ಆದರೆ ಸೌಕರ್ಯವೆಂಬುದು ಕೇಳುವ ಗುಂಪು ಒಂದೆಡೆ ಇದ್ದರೆ ದೊರೆಯುವಂಥದು. ಬೀದಿಗೆ ನಾಲ್ಕು ಮನೆಯಾಗಿ ಚೆದರಿದವರ ಕೂಗು ಒಂದಾಗಿ ಕೇಳಿಸುವುದಿಲ್ಲ.

ಮೂರು ವರ್ಷಗಳ ನಂತರ, 1959ರಲ್ಲಿ, ಮದರಾಸು ರಾಜ್ಯದಲ್ಲಿ ಒಂದು ದೊಡ್ಡ ಚಳವಳಿ ನಡೆಯಿತು. ಇಂಗ್ಲಿಷನ್ನು ಆರಂಭಿಸುವ ಮಕ್ಕಳಿಗೆ ಪಾಠ ಹೇಳುವ ಸುಮಾರು 27,000 ಉಪಾಧ್ಯಾಯರಿಗೆ ಹೊಸ ಕ್ರಮದಲ್ಲಿ ಮರುತರಬೇತು ಕೊಡುವ ಪ್ರಯತ್ನವದು. ಕೆಲವರಿಗೆ ಮೊದಲು ತರಬೇತು. ಅವರು ಇನ್ನಷ್ಟು ಮಂದಿಗೆ, ಆ ಇನ್ನಷ್ಟು ಮಂದಿ ಮತ್ತಷ್ಟು ಮಂದಿಗೆ. ಉರುಳುತ್ತ ಉರುಳುತ್ತ ದೊಡ್ಡದಾಗುವ ಹಿಮದ ಉಂಡೆಯ ಹೆಸರಿನಿಂದ ಇದು ಶಿಕ್ಷಣ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಕಲಿಸಲು ಹಿಡಿದುದು ವಾಕ್ಯರಚನೆಗಳನ್ನು ಮೆಟ್ಟಿಲಾಗಿ ಜೋಡಿಸುವ ಪದ್ಧತಿ. ಪುಸ್ತಕವನ್ನು ಎತ್ತಿ ಹಿಡಿದು "ದಿಸ್ ಈಸ್ ಎ ಬುಕ್" ಎನ್ನುವುದು, ಮಕ್ಕಳಿಂದ ಅದನ್ನೇ ಹೇಳಿಸುವುದು, ಪುಸ್ತಕವನ್ನಿಟ್ಟು ಪೆನ್ಸಿಲನ್ನು ಎತ್ತುವುದು. ಈ ಪದ್ಧತಿಯ ಪೂರ್ವಿಕರಲ್ಲಿ ಪಾಮರರೂ ಹಾರ್ನ್‌ಬಿಯವರೂ ಮುಖ್ಯರು. ಹೀಗೆ ಟೋಕಿಯೋದಲ್ಲಿ ರೂಪುಗೊಂಡ ಪಾಠಕ್ರಮ ಮದರಾಸು ರಾಜ್ಯದ ಹಳ್ಳಿಶಾಲೆಗಳ ಕರಿಹಲಗೆಯವರೆಗೆ ಬಂದಿತು.

ಇಲ್ಲಿ ನಿಂತು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಲೇಖನದ ಮುಖ್ಯ ವಿಚಾರವೂ ಅದೇ. ಪಾಮರರ ಕ್ರಮ ಹುಟ್ಟಿದುದು ಸ್ವಂತ ನುಡಿಯಲ್ಲಿ ಆಗಲೇ ಓದು ಬರಹ ಬಲ್ಲ ಹನ್ನೆರಡರ ಬಾಲಕರಿಗಾಗಿ. ಅಕ್ಷರವೆಂದರೇನು, ಪುಟವೆಂದರೇನು, ಬರೆದ ಗೆರೆಗೂ ಆಡಿದ ಮಾತಿಗೂ ಇರುವ ನಂಟು ಯಾವುದು ಎಂಬುದೆಲ್ಲ ಅವರಿಗೆ ಮನೆಮಾತಿನ ಮೂಲಕ ಕರತಲಾಮಲಕವಾಗಿತ್ತು. ಆ ಅಡಿಪಾಯದ ಮೇಲೆ ನಿಲ್ಲಿಸಲು ಮಾಡಿದ ಏಣಿ ಅದು. ನಾವು ಏಣಿಯನ್ನು ತಂದೆವು, ಅಡಿಪಾಯವನ್ನು ನೋಡಲಿಲ್ಲ. ಅನಂತರದ ದಶಕಗಳಲ್ಲಿ ಆ ಏಣಿಯನ್ನು ಇನ್ನೂ ಇನ್ನೂ ಕೆಳಗಿನ ವಯಸ್ಸಿಗೆ ಇಳಿಸುತ್ತ ಬಂದೆವು.

ಇಳಿಸಿದ ಬಗೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ: 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ತಾಯ್ನುಡಿಯಲ್ಲಿ ಸಾಕಷ್ಟು ಹಿಡಿತ ಬಂದ ಮೇಲೆ, ಸಾಮಾನ್ಯವಾಗಿ ಐದನೆಯ ತರಗತಿಯಿಂದ, ಇಂಗ್ಲಿಷ್ ಆರಂಭವಾಗಲಿ ಎಂದು ಅಭಿಪ್ರಾಯಪಟ್ಟಿತು. 1968ರಲ್ಲಿ ತಮಿಳುನಾಡು ತಮಿಳು ಇಂಗ್ಲಿಷುಗಳ ದ್ವಿಭಾಷಾ ನೀತಿಯನ್ನು ಅಂಗೀಕರಿಸಿತು. ಪಟ್ಟಣಗಳಲ್ಲಿ ಖಾಸಗಿ ನರ್ಸರಿ ಶಾಲೆಗಳೂ ಮೆಟ್ರಿಕ್ಯುಲೇಷನ್ ಶಾಲೆಗಳೂ ಬೆಳೆದು ಮೂರು ನಾಲ್ಕರ ಮಕ್ಕಳಿಗೆ ಇಂಗ್ಲಿಷ್ ಅಕ್ಷರಮಾಲೆಯನ್ನು ಮೊದಲ ಪಾಠವಾಗಿಸಿದುವು. 2012-13ರಿಂದ ಸರ್ಕಾರಿ ಶಾಲೆಗಳಲ್ಲಿಯೇ ಒಂದನೆಯ ಮತ್ತು ಆರನೆಯ ತರಗತಿಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆಯತೊಡಗಿದುವು. 2019ರ ಜನವರಿಯಲ್ಲಿ ಸರ್ಕಾರಿ ಶಾಲೆಗಳ ಆವರಣದಲ್ಲಿದ್ದ 2,381 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳು ಪ್ರಾರಂಭವಾದುವು. ಕರ್ನಾಟಕದ ಕಥೆಯೂ ಇದಕ್ಕೆ ದೂರವಲ್ಲ. ಅಲ್ಲಿ ನಾಲ್ಕನೆಯ ತರಗತಿಯವರೆಗೆ ತಾಯ್ನುಡಿ ಅಥವಾ ಕನ್ನಡವೇ ಮಾಧ್ಯಮವೆಂದು 1994ರಲ್ಲಿ ಆಜ್ಞೆಯಾಯಿತು. 2007ರಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಒಂದು ಪಾಠವಾಗಿ ಬಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮಾಧ್ಯಮದ ಆಯ್ಕೆಯನ್ನು ತಂದೆತಾಯಿಗಳಿಗೆ ಬಿಟ್ಟಿತು.

ಇದರ ನಡುವೆ 2006ರಲ್ಲಿ ತಮಿಳುನಾಡಿನಲ್ಲಿ ತಮಿಳು ಕಲಿಕೆಯ ಕಾಯಿದೆ ಆಯಿತು. ಮೊದಲನೆಯ ಭಾಗದಲ್ಲಿ ತಮಿಳು, ಎರಡನೆಯದರಲ್ಲಿ ಇಂಗ್ಲಿಷು, ಮೂರನೆಯದರಲ್ಲಿ ಇತರ ವಿಷಯಗಳು. ತಮಿಳೂ ಇಂಗ್ಲಿಷೂ ಅಲ್ಲದ ತಾಯ್ನುಡಿಗೆ ನಾಲ್ಕನೆಯ ಭಾಗದಲ್ಲಿ, ಐಚ್ಛಿಕವಾಗಿ, ಸ್ಥಳವಿದೆ. ನಾವು ತಮಿಳನ್ನು ದೂರುವವರಲ್ಲ. ನಮ್ಮ ಮಕ್ಕಳು ಬದುಕಬೇಕಾದ ನೆಲದ ನುಡಿ ಅದು, ಕನ್ನಡಕ್ಕೆ ಒಡಹುಟ್ಟಿದ ನುಡಿ ಕೂಡ. ಇಂಗ್ಲಿಷನ್ನು ಬಯಸುವ ತಂದೆತಾಯಿಗಳನ್ನೂ ನಾವು ದೂಷಿಸಲಾರೆವು. ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ದುಡಿಯುವ ತಂದೆ ತನ್ನ ಮಗಳು ಕಚೇರಿಯ ಕುರ್ಚಿಯಲ್ಲಿ ಕೂರಲೆಂದು ಹಾರೈಸಿದರೆ ತಪ್ಪೇನು? ಹಿಂದೆ ಜಗಲಿಯ ಕೆಳಗೇ ನಿಂತವರಿಗೆ ಇಂಗ್ಲಿಷು ಮೇಲೇರುವ ಮೆಟ್ಟಿಲಾಗಿ ಕಂಡುದು ಸಹಜ. ಆದರೆ ಐಚ್ಛಿಕವೆಂಬ ನಾಲ್ಕನೆಯ ಭಾಗವನ್ನು ತುಂಬಲು ಕನ್ನಡ ಬಲ್ಲ ಉಪಾಧ್ಯಾಯನೂ ಬೇಕು, ಪುಸ್ತಕವೂ ಬೇಕು, ಕೇಳುವ ತಂದೆತಾಯಿಗಳೂ ಬೇಕು. ಈ ಮೂರೂ ಕೂಡದೆಡೆ ಆ ಭಾಗ ಕಾಗದದ ಮೇಲೆಯೇ ಉಳಿಯುತ್ತದೆ.

ಜಪಾನು ಈ ನಡುವೆ ಏನು ಮಾಡಿತು? ಅಲ್ಲಿಯೂ ಖಾಸಗಿ ಶಿಶುವರ್ಗಗಳಲ್ಲಿ ಹಣ ತೆತ್ತು ಇಂಗ್ಲಿಷ್ ಕಲಿಸುವ ತಂದೆತಾಯಿಗಳು ಬೇಕಾದಷ್ಟು ಮಂದಿ. ಸರ್ಕಾರ ಮಾತ್ರ ನಿಧಾನವಾಗಿ ಹೆಜ್ಜೆಯಿಟ್ಟಿತು. 2002ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ವಿದೇಶೀ ಭಾಷೆಯ ಪರಿಚಯಕ್ಕೆ ಅವಕಾಶವಾಯಿತು. 2011ರಲ್ಲಿ ಐದು ಆರನೆಯ ತರಗತಿಗಳಿಗೆ ವರ್ಷಕ್ಕೆ 35 ಪಾಠಗಳು ಕಡ್ಡಾಯವಾದುವು. 2020ರಿಂದ ಮೂರು ನಾಲ್ಕನೆಯ ತರಗತಿಗಳಿಗೆ ಕೇಳುವ, ಆಡುವ ಚಟುವಟಿಕೆಗೆ 35, ಐದು ಆರಕ್ಕೆ ಪಾಠ್ಯವಿಷಯವಾಗಿ 70. ಇಷ್ಟರೊಳಗೆ ಆ ಮಗು ಎರಡು ಬಗೆಯ ಕಾನಾ ಲಿಪಿಗಳನ್ನೂ, ಮೊದಲ ತರಗತಿಯಲ್ಲಿ 80 ಎರಡನೆಯದರಲ್ಲಿ 160, ಅಂತು 240 ಚೀನೀ ಮೂಲದ ಅಕ್ಷರಗಳನ್ನೂ ತನ್ನ ನುಡಿಗಾಗಿ ಕಲಿತಿರುತ್ತದೆ. ಮೂರನೆಯ ತರಗತಿಯಲ್ಲಿ ಇಂಗ್ಲಿಷ್ ಬಾಗಿಲು ತಟ್ಟುವಾಗ ಮನೆಯೊಳಗೆ ದೀಪ ಹತ್ತಿರುತ್ತದೆ. ಕಾರಮಡೈಯ ನಮ್ಮ ಮಗುವಿಗೆ ಮನೆಯ ದೀಪ ಹತ್ತುವ ಮೊದಲೇ ಎರಡು ಬಾಗಿಲುಗಳಲ್ಲಿ ಅತಿಥಿಗಳು.

ಉಚ್ಚಾರಣೆಯ ಮಾತನ್ನೆತ್ತಿಕೊಂಡರೆ ನಮ್ಮ ಉಪಾಧ್ಯಾಯರಿಗೆ ಉಪಯೋಗವಾಗುವ ಸಂಗತಿಯೊಂದು ಹೊಳೆಯುತ್ತದೆ. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದ ಜಪಾನಿನ ಮಗುವಿನ ಬಾಯಿಗೆ ಒಗ್ಗದೆ, ಬಸ್ ಎಂಬುದು 'ಬಸು', ಮಿಲ್ಕ್ ಎಂಬುದು 'ಮಿರುಕು' ಆಗುತ್ತದೆ. ನಮ್ಮ ಮಗುವೂ 'ಬಸ್ಸು', 'ಬೆಂಚು' ಎನ್ನುತ್ತದೆ. ಸ್ವರದಲ್ಲಿ ಕೊನೆಗೊಳ್ಳುವ ನುಡಿಯನ್ನು ಆಡಿದ ನಾಲಗೆಯ ಸ್ವಭಾವವದು. ದಡ್ಡತನವಲ್ಲ, ಅದಕ್ಕೆ ಬೆತ್ತವೂ ಬೇಡ. ಇನ್ನು ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ಪಕಾರ ಬಕಾರಗಳಿಗೂ ಒಂದೇ. ಕೋಟ್ ಎಂಬ ಅಂಗಿಯೂ ಗೋಟ್ ಎಂಬ ಆಡೂ ಆ ಲಿಪಿಯಲ್ಲಿ ಬರೆದಾಗ ಒಂದೇ ಆಗಿ ನಿಲ್ಲುತ್ತವೆ. ಕನ್ನಡ ಲಿಪಿ ಈ ಎರಡನ್ನೂ ಬೇರೆಯಾಗಿ ತೋರಿಸುತ್ತದೆ. ಜಪಾನಿಗರಿಗೆ ಕಷ್ಟವಾದ ರಕಾರ ಲಕಾರಗಳ ಭೇದವನ್ನೂ ತೋರಿಸುತ್ತದೆ. ಹೀಗಿರಲು ಕನ್ನಡ ಅಕ್ಷರಗಳನ್ನು ಬಲ್ಲ ಮಗುವಿಗೆ ಇಂಗ್ಲಿಷ್ ಧ್ವನಿಗಳನ್ನು ವಿಂಗಡಿಸಿ ಕೇಳುವುದು ಸುಲಭವಾಗಬೇಕೇ ಹೊರತು ಕಷ್ಟವಾಗಬಾರದು. ತಮಿಳನ್ನು ಕಲಿಯುವಾಗಲೂ ಹಾಗೆಯೇ: ಹಾಲು ಪಾಲ್, ಹುಲಿ ಪುಲಿ, ಹತ್ತು ಪತ್ತು, ಹೂ ಪೂ ಎಂದು ಜೊತೆ ಜೊತೆಯಾಗಿ ಹೇಳಿಕೊಟ್ಟರೆ ಮಗು ಆಟದಂತೆ ಕಲಿಯುತ್ತದೆ. ಮನೆಮಾತು ತೊಡಕಲ್ಲ; ಕೈಗೆಟುಕುವಂತೆ ಇಟ್ಟಿರುವ ಉಪಕರಣ.

ಆದ್ದರಿಂದ ಯಾವ ವಯಸ್ಸಿನಲ್ಲಿ ಎಂಬ ಪ್ರಶ್ನೆಗಿಂತ ಯಾವುದರ ಮೇಲೆ ನಿಂತು ಎಂಬ ಪ್ರಶ್ನೆ ಮುಖ್ಯವೆಂದು ನಮ್ಮ ತಾತ್ಪರ್ಯ. ಮೂರು ನಾಲ್ಕರ ಮಗುವಿಗೆ ಇಂಗ್ಲಿಷನ್ನು ಕಿವಿಯಿಂದಲೂ ಬಾಯಿಂದಲೂ ಕಲಿಸಲಿ. ಪಾಮರರ ಕ್ರಮದಲ್ಲಿ ಶಿಶುಗಳಿಗೆ ಒಪ್ಪುವ ಭಾಗ ಅದೇ. ಬರಹವನ್ನು ಅವಸರಿಸುವುದು ಬೇಡ. ಮೊದಲ ಬರಹ ಮಗು ಆಡುವ ನುಡಿಯದಾಗಲಿ. ಶಾಲೆಯಲ್ಲಿ ಅದು ತಮಿಳೇ ಆಗಬೇಕಾದರೆ, ಕನ್ನಡವು ವಾರಕ್ಕೆ ಎರಡು ಗಂಟೆ ಗುಡಿಯ ಜಗಲಿಯಲ್ಲಿಯೋ ಸಮುದಾಯದ ಭವನದಲ್ಲಿಯೋ ನಡೆಯಲಿ. ನಾಲ್ಕನೆಯ ಭಾಗದ ಐಚ್ಛಿಕ ಅವಕಾಶವನ್ನು ತಂದೆತಾಯಿಗಳು ಬರೆದು ಕೇಳುವಂತೆ ನಾವು ತಿಳಿಯಹೇಳಬೇಕು. ಕನ್ನಡ ಮಾತಾಡುವ ಮಗು ತರಗತಿಯಲ್ಲಿ ಮನೆಮಾತಿನಲ್ಲಿ ಉತ್ತರ ಕೊಟ್ಟರೆ ಗದರದೆ, ಆ ಮಾತನ್ನೇ ಹಿಡಿದು ತಮಿಳಿಗೂ ಇಂಗ್ಲಿಷಿಗೂ ದಾಟಿಸಬೇಕು. ಇದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ, ಉಪಾಧ್ಯಾಯನ ಮನಸ್ಸು ಸಾಕು.

ಆ ದಿನ ನೇಕಾರರ ಮನೆಯಿಂದ ಹೊರಡುವ ಮೊದಲು ಮಗುವಿನ ಕೈಹಿಡಿದು ಸ್ಲೇಟಿನ ಮೇಲೆ ಆಕೆಯ ಹೆಸರನ್ನು ಕನ್ನಡದಲ್ಲಿ ಬರೆಯಿಸಿದೆವು. ಮಗು ತಿದ್ದುತ್ತಿರುವಾಗ ಅಜ್ಜಿ ಮಗ್ಗದ ಪಕ್ಕದಿಂದ ಎದ್ದುಬಂದು ನೋಡಿದಳು. ತನ್ನ ಹೆಸರನ್ನೂ ಅದರ ಕೆಳಗೆ ಬರೆದುಕೊಡಿ ಎಂದಳು. ಬರೆದುಕೊಟ್ಟೆವು. ಇಂಗ್ಲಿಷು ಆ ಮನೆಗೆ ಬಂದಾಗಿದೆ, ಅದು ಇರಲಿ. ಆ ಎರಡು ಸಾಲುಗಳು ಸ್ಲೇಟಿನಿಂದ ಅಳಿಸಿಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.